ಭಾರದ ದಾರಿ

– ಮಾವ, ಈ ಚಿತ್ರ ಸ್ವಲ್ಪ ನೋಡಿ. ಎರಡು ಕಂಬ, ಮೇಲೊಂದು ಅಡ್ಡ ಪೈಪು, ಕೆಳಗೆ ಎರಡು ಕಾಲು. ಪುಲ್‌ಅಪ್ ಮಾಡೋದಕ್ಕೆ. ನಿಮ್ಮ ಶೆಡ್ಡಿನಲ್ಲೇ ಮಾಡಬಹುದಲ್ವಾ?

– ಮಾಡಬಹುದು. ಎತ್ತರ ಇಷ್ಟು ಅಂತ ಯಾಕೆ ಬರೆದಿದ್ದೀಯ?

– ಇಂದಿರಾನಗರದ ಅಂಗಡಿಯಲ್ಲಿ ನೋಡಿದ್ದು ಅಷ್ಟೇ ಎತ್ತರ ಇತ್ತು.

– ಅದು ಯಾರಿಗೋ ಹಾಕಿದ ಅಳತೆ. ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊ. ಎರಡೂ ಕೈ ಮೇಲೆತ್ತಿ ಮುಷ್ಟಿ ಹಿಡಿ. ಹಿಮ್ಮಡಿ ಏಳಬಾರದು. ನೋಡು, ನಿನ್ನ ಮುಷ್ಟಿ ಬರೋದು 1.92 ಮೀಟರಿಗೆ. ಕಾಲು ನೆಲ ಬಿಡೋದಕ್ಕೆ ಒಂದು ಗೇಣು ಸೇರಿಸಿದರೆ 2.1 ಮೀಟರ್ ಸಾಕು. ಅದಕ್ಕಿಂತ ಮೇಲೆ ಹೋದರೆ ನೀನು ದಿನಾ ಹಾರಿ ಹಿಡೀಬೇಕು. ಹಾರಿ ಹಿಡಿಯೋದು ಅಂದ್ರೆ ಬರೀ ನೇತಾಡೋದಲ್ಲ. ಒಂದು ತೂಕವನ್ನ ತಟ್ಟನೆ ಹೇರಿದರೆ ಕಬ್ಬಿಣಕ್ಕೆ ಅದು ಎರಡರಷ್ಟಾಗಿ ಕಾಣುತ್ತೆ. 60 ಕೆ.ಜಿ. ಇರೋಳು 120 ಆಗ್ತೀಯ. ಎತ್ತರದಿಂದ ಬಿದ್ದು ಹಿಡಿದರೆ ಇನ್ನೂ ಜಾಸ್ತಿ. ಇನ್ನು ನಿಮ್ಮ ಕೋಣೆಯಲ್ಲಿ ಫ್ಯಾನ್ ಎಲ್ಲಿದೆ?

– ಮಧ್ಯದಲ್ಲಿ.

– ಹಾಗಾದರೆ ಸ್ಟ್ಯಾಂಡು ಕಿಟಕಿ ಕಡೆ. ಗದ್ದ ಪೈಪಿನ ಮೇಲೆ ಬಂದಾಗ ತಲೆ 2.35 ಮೀಟರಿನ ಹತ್ತಿರ ಇರುತ್ತೆ, ಫ್ಯಾನಿನ ರೆಕ್ಕೆ ಅಲ್ಲಿಂದ ಬಹಳ ದೂರ ಇರಲ್ಲ. ಇದನ್ನ ಚಿತ್ರದ ಪಕ್ಕದಲ್ಲಿ ಮೊದಲು ಬರಿ, ಆಮೇಲೆ ಕಬ್ಬಿಣದ ಮಾತು.

– ಸ್ಟ್ಯಾಂಡೇ ಬೇಕಾ ಅಂತಾನೂ ಯೋಚನೆ ಮಾಡಿದ್ದೆ. ಗೋಡೆಗೆ ನಾಲ್ಕು ಬೋಲ್ಟ್ ಹೊಡೆದು ಬ್ರಾಕೆಟ್ ಕೂರಿಸಿದರೆ ಜಾಗ ಉಳಿಯುತ್ತೆ.

– ಯಾವ ಗೋಡೆಗೆ? ಕೆ.ಆರ್. ಪುರದ ನಿಮ್ಮ ಫ್ಲ್ಯಾಟಿನ ಒಳಗೋಡೆ ನಾಲ್ಕಿಂಚಿನ ಬ್ಲಾಕಿಂದು. ಆಂಕರ್ ಬೋಲ್ಟು ಒಳಗೆ ಹಿಗ್ಗಿಕೊಂಡು ಹಿಡಿಯೋ ಸಾಮಾನು, ಹಿಗ್ಗೋದಕ್ಕೆ ಸುತ್ತ ಗಟ್ಟಿ ಕಾಂಕ್ರೀಟ್ ಬೇಕು. ಟೊಳ್ಳು ಬ್ಲಾಕಿನಲ್ಲಿ ಅದು ಹಿಡಿದ ಹಾಗೆ ಮಾಡುತ್ತೆ, ಅಷ್ಟೆ. ಹಾಗಂತ ದಂಡಿನ ಕಡೆಯ ಹಳೇ ಮನೆ ದಪ್ಪ ಗೋಡೆ ವಾಸಿ ಅಂತಲೂ ತಿಳ್ಕೊಬೇಡ. ಸುಣ್ಣದ ಗಾರೆಯ ಇಟ್ಟಿಗೆ ಗೋಡೆ ಮೇಲಿಂದ ಬರೋ ಭಾರವನ್ನ ನೂರು ವರ್ಷ ಹೊರುತ್ತೆ, ಆದರೆ ಹೊರಗೆ ಎಳೆದರೆ ಇಟ್ಟಿಗೆ ಸಮೇತ ಕಳಚಿ ಬರುತ್ತೆ. ಬ್ರಾಕೆಟ್ ಹಾಕಲೇಬೇಕಾದರೆ ಆರ್‌ಸಿಸಿ ಬೀಮಿಗೆ ಹಾಕು. ಇಲ್ಲದಿದ್ದರೆ ಸ್ಟ್ಯಾಂಡು.

– ಸ್ಟ್ಯಾಂಡೇ ಆಗಲಿ. ಪೈಪು ಶಿವಾಜಿನಗರದ ಗುಜರಿಯಲ್ಲಿ ಆರಿಸಿಕೊಂಡು ಬರಲಾ?

– ಕಂಬಕ್ಕೆ ಬೇಡ. ಮನುಷ್ಯರ ತಲೆ ಮೇಲೆ ಬರೋ ಕಬ್ಬಿಣ ಹೊಸದೇ ಇರಲಿ. ಹಳೇ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಗೆ ತುಕ್ಕು ತಿಂದು ಕಾಗದ ಆಗಿರಬಹುದು, ಬೆಳಕು ಹಾಕಿ ನೋಡಿದರೂ ಗೊತ್ತಾಗಲ್ಲ. 50ಕ್ಕೆ 50ರ ಚೌಕದ ಟ್ಯೂಬು, 2 ಮಿ.ಮೀ. ದಪ್ಪ, ಮೀಟರಿಗೆ 3 ಕೆ.ಜಿ. ತೂಗುತ್ತೆ. ಒಂದು ಲೆಂತ್ 6 ಮೀಟರ್. ನಿನಗೆ ಎರಡು ಲೆಂತ್ ಬೇಕು. ಒಂದರಲ್ಲಿ 2.1ರ ಎರಡು ಕಂಬ, 1.2ರ ಒಂದು ಕಾಲು. ಇನ್ನೊಂದರಲ್ಲಿ ಮತ್ತೊಂದು ಕಾಲು, ಹಿಂದಿನ ಅಡ್ಡಪಟ್ಟಿ, ಅರ್ಧರ್ಧ ಮೀಟರಿನ ನಾಲ್ಕು ಓರೆ ಆಸರೆ. ಎಲ್ಲ ಸೇರಿ 30 ಕೆ.ಜಿ. ದಾಟುತ್ತೆ. ಅಂಗಡಿಯ ಸ್ಟ್ಯಾಂಡನ್ನ ಒಂದು ಕೈಯಲ್ಲಿ ಎತ್ತಿಟ್ಟು ತೋರಿಸ್ತಾರಲ್ಲ, ಹಗುರ ಅಂತ ಖುಷಿ ಪಡಬೇಡ. ನೇತಾಡೋ ಸಾಮಾನಿಗೆ ಬುಡದ ತೂಕವೇ ಧೈರ್ಯ.

– ಮೇಲಿನ ಅಡ್ಡ ಪೈಪು?

– ಒಂದಿಂಚಿನ ಪೈಪು. ಹೆಸರಿಗೆ ಒಂದಿಂಚು, ಹೊರಗಿನ ವ್ಯಾಸ 33.7 ಮಿ.ಮೀ. ನಿನ್ನ ಬೆರಳು ಸುತ್ತ ಬಂದು ಹೆಬ್ಬೆರಳು ಮೇಲೆ ಕೂರೋದಕ್ಕೆ ಸರಿಯಾಗುತ್ತೆ. ಒಂದೂಕಾಲು ಇಂಚಿಂದು ತಂದರೆ ಹೊರಗೆ 42 ದಾಟುತ್ತೆ, ಬೆನ್ನು ದಣಿಯೋ ಮೊದಲೇ ಮುಷ್ಟಿ ಸೋಲುತ್ತೆ. ಪೈಪಿನಲ್ಲಿ ಮೂರು ದರ್ಜೆ ಇದೆ. ಹಳದಿ ಪಟ್ಟಿ ಹಗುರ, ನೀಲಿ ಪಟ್ಟಿ ಮಧ್ಯಮ, ಕೆಂಪು ಪಟ್ಟಿ ಭಾರ. ನೀಲಿ ತಗೋ, 3.2 ಮಿ.ಮೀ. ದಪ್ಪ ಇರುತ್ತೆ. ಕಪ್ಪು ಪೈಪು ಕೇಳು, ಜಿಐ ಬೇಡ. ಜಿಐ ಮೇಲೆ ಸತು ಲೇಪ ಇರುತ್ತೆ. ವೆಲ್ಡಿಂಗ್ ಶಾಖಕ್ಕೆ ಅದು ಬಿಳಿ ಹೊಗೆಯಾಗಿ ಏಳುತ್ತೆ. ಅದನ್ನ ಕುಡಿದವರಿಗೆ ರಾತ್ರಿ ಚಳಿಜ್ವರ. ಹಾಲು ಕುಡಿ, ಬೆಲ್ಲ ತಿನ್ನು ಅಂತ ಶೆಡ್ಡುಗಳಲ್ಲಿ ಹೇಳ್ತಾರೆ, ಆದರೆ ಆ ಹೊಗೆಗೆ ಅದು ಮದ್ದಲ್ಲ. ಲೇಪ ಉಜ್ಜಿ ತೆಗೀಬೇಕು, ಬಾಗಿಲು ತೆರೆದು ಗಾಳಿ ಬಿಡಬೇಕು.

– ವೆಲ್ಡಿಂಗ್ ನಾನೇ ಮಾಡ್ತೀನಿ ಮಾವ. ಕಲಿಸಿ.

– ಕಲಿಸ್ತೀನಿ. ಕಾಲಿನ ಅಡ್ಡಪಟ್ಟಿ ನೀನು ಬೆಸೆ, ಮೇಲಿನ ಮೂಲೆ ನಾನು ಬೆಸಿತೀನಿ. ಆದರೆ ಅದಕ್ಕೂ ಮೊದಲು ನಿನ್ನ ಚಿತ್ರದಲ್ಲಿ ಒಂದು ತಿದ್ದಬೇಕು. ಅಡ್ಡ ಪೈಪಿನ ಎರಡು ತುದಿಯನ್ನ ಕಂಬದ ಪಕ್ಕಕ್ಕೆ ತಾಗಿಸಿ ಸುತ್ತ ವೆಲ್ಡಿಂಗ್ ಅಂತ ಬರೆದಿದ್ದೀಯ.

– ಎಲ್ಲ ಸ್ಟ್ಯಾಂಡಿನಲ್ಲೂ ಹಾಗೇ ಇತ್ತು.

– ಇರುತ್ತೆ. ಬೇಗ ಆಗುತ್ತೆ, ನೋಡೋದಕ್ಕೂ ಚೆಂದ. ಆದರೆ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಹೋಗುತ್ತೆ ಅಂತ ಬೆರಳಿಟ್ಟು ತೋರಿಸು. ನಿನ್ನ ಕೈಯಿಂದ ಪೈಪಿಗೆ, ಪೈಪಿಂದ...

– ವೆಲ್ಡಿಂಗಿಗೆ. ಅಲ್ಲಿಂದ ಕಂಬಕ್ಕೆ.

– ಅಂದ್ರೆ ನೀನು ನೇತಾಡೋದು ಎರಡು ಕಡೆ ಬಳೆಯಗಲದ ಬೆಸುಗೆಯ ಮೇಲೆ. ಆ ಬೆಸುಗೆ ಒಳಗೆ ಸ್ಲ್ಯಾಗ್ ಸಿಕ್ಕಿಕೊಂಡಿದೆಯೋ, ಅಂಚು ಕರಗಿ ತೆಳ್ಳಗಾಗಿದೆಯೋ, ಪೇಂಟು ಬಳಿದ ಮೇಲೆ ಯಾರಿಗೂ ಕಾಣಲ್ಲ. ಅದರ ಬದಲು ಕಂಬದ ಮೇಲ್ತುದಿಯಲ್ಲಿ ಪೈಪಿನ ಗಾತ್ರಕ್ಕೆ ಅರ್ಧಚಂದ್ರ ಕೊರೆದು, ಪೈಪನ್ನ ಅದರೊಳಗೆ ಕೂರಿಸಿ, ಎರಡು ಕಡೆ ಒಂದಿಷ್ಟು ಹೊರಗೆ ಚಾಚೋ ಹಾಗೆ ಬಿಟ್ಟು ಬೆಸೆದರೆ? ಭಾರ ಪೈಪಿಂದ ನೇರವಾಗಿ ಕಂಬದ ತಲೆ ಮೇಲೆ ಕೂರುತ್ತೆ. ಬೆಸುಗೆಗೆ ಇರೋ ಕೆಲಸ ಪೈಪು ಉರುಳದ ಹಾಗೆ, ಜಾರದ ಹಾಗೆ ಹಿಡಿಯೋದು ಮಾತ್ರ. ಒಂದು ಕಡೆ ಬಿರುಕು ಬಿಟ್ಟರೂ ನೀನು ಕೆಳಗೆ ಬೀಳಲ್ಲ. ಭಾರ ಬೆಸುಗೆಯಲ್ಲಿ ನೇತಾಡಬಾರದು, ಕಬ್ಬಿಣದ ಮೇಲೆ ಕೂರಬೇಕು. ನಾನು ಟೂಲ್‌ರೂಮಿನಲ್ಲಿ ಕೆಲಸ ಕಲಿತಾಗ ನಮ್ಮ ಫೋರ್‌ಮನ್ ಯಾವ ಡ್ರಾಯಿಂಗ್ ಕೊಟ್ಟರೂ ಮೊದಲು ಕೇಳ್ತಿದ್ದದ್ದು ಇದೇ, ಭಾರ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು.

– ಆ ಕಾಲದ ಟೂಲ್‌ರೂಮ್ ಅಂದ್ರೆ ಅಮ್ಮ ಇವತ್ತಿಗೂ ದೊಡ್ಡ ಕಣ್ಣು ಮಾಡ್ತಾರೆ.

– ಮಾಡಲೇಬೇಕು. ಊರಿನ ಈ ಮಗ್ಗುಲು ಬೆಳೆದದ್ದೇ ಕಬ್ಬಿಣ ಹಿಡಿದ ಕೈಗಳಿಂದ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1956ರಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್, 1964ರಲ್ಲಿ ಬಿಇಎಂಎಲ್. ಒಂದೊಂದು ಕಾರ್ಖಾನೆಯೂ ಫಿಟ್ಟರ್, ಟರ್ನರ್, ವೆಲ್ಡರ್‌ಗಳನ್ನ ತಯಾರು ಮಾಡ್ತು. ಮೂಲೆಮಟ್ಟ ಇಟ್ಟು ಅರದಲ್ಲಿ ಉಜ್ಜಿ ಉಜ್ಜಿ, ಬೆಳಕು ನುಸುಳದ ಹಾಗೆ ಒಂದು ಮುಖ ಸಪಾಟು ಮಾಡೋದಕ್ಕೆ ವಾರಗಟ್ಟಲೆ ಕೂರಿಸ್ತಿದ್ದರು. ಎನ್‌ಜಿಇಎಫ್ ಬಾಗಿಲು ಮುಚ್ಚಿದ ಮೇಲೆ ಅಂಥ ಕೈಗಳು ಎಲ್ಲಿಗೆ ಹೋದವು? ಇಂಥ ಶೆಡ್ಡುಗಳಿಗೆ. ಈಗ ನಾವು ಮಾಡೋದು ಬಹುಪಾಲು ಕಿಟಕಿ ಗ್ರಿಲ್ಲು, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡು. 2020ರಲ್ಲಿ ಮಾರ್ಚಿಂದ ಆಗಸ್ಟ್ ತನಕ ಜಿಮ್ಮುಗಳು ಮುಚ್ಚಿದ್ದವಲ್ಲ, ಆಗ ಜನ ಪೇಂಟ್ ಡಬ್ಬಕ್ಕೆ ಸಿಮೆಂಟ್ ತುಂಬಿ ಕೋಲು ಸಿಕ್ಕಿಸಿ ಎತ್ತುತ್ತಿದ್ದರು. ನಮ್ಮಲ್ಲಿಗೆ ಬಂದಿದ್ದರೆ ಅದಕ್ಕಿಂತ ಒಳ್ಳೇದನ್ನ ಮಾಡಿಕೊಡ್ತಿದ್ದೆವು. ಗ್ರಿಲ್ ಅಂಗಡಿ ಅಂದ್ರೆ ಗ್ರಿಲ್ ಮಾತ್ರ ಅಂತ ತಿಳ್ಕೊಂಡುಬಿಟ್ಟಿದ್ದಾರೆ, ಅದೇ ನನಗೆ ಸಂಕಟ.

– ಇನ್ನೊಂದು ತೊಂದರೆ ಇದೆ ಮಾವ. 2.1 ಮೀಟರಿನ ಸ್ಟ್ಯಾಂಡನ್ನ ಇಡಿಯಾಗಿ ನಮ್ಮ ಲಿಫ್ಟಿಗೆ ತುಂಬೋಕೆ ಆಗಲ್ಲ.

– ಅದಕ್ಕೇ ಇಡಿಯಾಗಿ ಬೆಸೆಯೋದು ಬೇಡ. ಕಾಲು ಬೇರೆ, ಕಂಬ ಬೇರೆ. ಕಂಬದ ಬುಡಕ್ಕೆ 6 ಮಿ.ಮೀ. ಪ್ಲೇಟು, ಕಾಲಿನ ಮೇಲೆ ಅದೇ ಅಳತೆಯ ಪ್ಲೇಟು, ನಾಲ್ಕು ಮೂಲೆಗೆ 12 ಮಿ.ಮೀ. ಬೋಲ್ಟು. ಓರೆ ಆಸರೆಗೂ ಬೋಲ್ಟೇ. ಮೇಲಿನ ಪೈಪನ್ನ ಒಂದು ಕಂಬಕ್ಕೆ ಬೆಸೆದು, ಇನ್ನೊಂದರ ಅರ್ಧಚಂದ್ರದಲ್ಲಿ ಕೂರಿಸಿ ಮೇಲಿಂದ ಪಟ್ಟಿ ಹಾಕಿ ಬಿಗಿಯೋಣ. ಹಲಸೂರು ಕೆರೆ ದಡದಲ್ಲಿ ಮದ್ರಾಸ್ ಸ್ಯಾಪರ್ಸ್ ಇದ್ದಾರಲ್ಲ, ಎಂಇಜಿ, ಅವರು ಹೊಳೆ ಮೇಲೆ ಬೈಲಿ ಸೇತುವೆ ಹಾಕೋದು ಹೀಗೇ. ಕೈಯಲ್ಲಿ ಹೊರುವಷ್ಟು ಗಾತ್ರದ ಚೌಕಟ್ಟುಗಳನ್ನ ಲಾರಿಯಲ್ಲಿ ತಂದು ದಡದಲ್ಲಿ ಪಿನ್ನು ಹಾಕಿ ಜೋಡಿಸ್ತಾರೆ. ಅಲ್ಲಿ ವೆಲ್ಡಿಂಗ್ ಮಾಡೋ ಕೆಲಸವೇ ಇಲ್ಲ. ಅದರ ಮೇಲೆ ಟ್ಯಾಂಕು ಹೋಗುತ್ತೆ. ಮೂರು ತಿಂಗಳಿಗೊಮ್ಮೆ ಸ್ಪ್ಯಾನರ್ ಹಿಡಿದು ಬೋಲ್ಟು ನೋಡು, ಅಷ್ಟೆ.

– ಸರಿ. ಇದೇ ಕಂಬಕ್ಕೆ ಬಾರ್ಬೆಲ್ ಇಡೋ ಕೊಕ್ಕೆ ಹಾಕಿಸಿದರೆ? ಬಾರು, ಪ್ಲೇಟು ಎಲ್ಲ ಇಲ್ಲೇ ಮಾಡಿಬಿಡೋಣ.

– ಪ್ಲೇಟು ಮಾಡೋಣ. ಬಾರು ಕೊಂಡ್ಕೊ.

– ಬರೀ ಒಂದು ಸರಳು ತಾನೇ? ಅದೇ ಸುಲಭ ಅಂದುಕೊಂಡಿದ್ದೆ.

– ನೋಡೋದಕ್ಕೆ ಸರಳು. ಸ್ಪರ್ಧೆಯಲ್ಲಿ ಗಂಡಸರು ಎತ್ತೋ ಬಾರು 2.2 ಮೀಟರ್, 28 ಮಿ.ಮೀ., 20 ಕೆ.ಜಿ. ಹೆಂಗಸರದ್ದು 2.01 ಮೀಟರ್, 25 ಮಿ.ಮೀ., 15 ಕೆ.ಜಿ. ಎರಡೂ ಬಾಗಿದರೆ ಮತ್ತೆ ನೆಟ್ಟಗಾಗೋ ಗಟ್ಟಿ ಉಕ್ಕು. ನಮ್ಮ ಅಂಗಡಿಯ ಎಂಎಸ್, ಅಂದ್ರೆ ಮೆದು ಉಕ್ಕಿನ ಸರಳು ಒಂದು ಮಿತಿ ತನಕ ಹಿಂದಕ್ಕೆ ಬರುತ್ತೆ, ಮಿತಿ ದಾಟಿದರೆ ಬಾಗಿದ್ದು ಬಾಗಿದ್ದೇ. ಬಾಗಿದ ಬಾರು ಕೈಯಲ್ಲಿ ತಿರುಗುತ್ತೆ, ಮಣಿಕಟ್ಟು ಹಾಳಾಗುತ್ತೆ. ಸರಳಿನ ಬಲ ವ್ಯಾಸದ ಘನಕ್ಕೆ ತಕ್ಕ ಹಾಗೆ ಏರುತ್ತೆ. 25 ಇದ್ದದ್ದು 28 ಆದರೆ ಕಣ್ಣಿಗೆ ವ್ಯತ್ಯಾಸ ಕಾಣಲ್ಲ, ಬಲ ಮಾತ್ರ 1.4 ಪಟ್ಟು. ಆದರೂ ಕಬ್ಬಿಣದ ಜಾತಿ ಬದಲಾಗಲ್ಲ. ಡಂಬೆಲ್ ಹಿಡಿ ಬೇಕಾದರೆ ಮಾಡಿಕೊಡ್ತೀನಿ. 28ರ ಸರಳು, ಕೈ ಜಾರದ ಹಾಗೆ ಲೇತಿನಲ್ಲಿ ನರ್ಲಿಂಗ್ ಹೊಡೆದು. ಅಷ್ಟು ಗಿಡ್ಡ ಸರಳಿಗೆ ಬಾಗೋ ಭಯ ಇಲ್ಲ.

– ಪ್ಲೇಟಿನ ತೂಕ ಸರಿಯಾಗಿ ಬರುತ್ತಾ?

– ಲೆಕ್ಕ ಗೊತ್ತಿದ್ದರೆ ಬರುತ್ತೆ. ಸರಳಿಗೆ, ವ್ಯಾಸವನ್ನ ವ್ಯಾಸದಿಂದ ಗುಣಿಸಿ 162ರಿಂದ ಭಾಗಿಸು, ಮೀಟರಿಗೆ ಎಷ್ಟು ಕೆ.ಜಿ. ಅಂತ ಬಂತು. ಕಬ್ಬಿಣದ ಅಂಗಡಿಯ ಹುಡುಗರಿಗೆ ಇದು ಬಾಯಿಪಾಠ. 28ಕ್ಕೆ 4.84. ಪ್ಲೇಟಿಗಾದರೆ 300 ಮಿ.ಮೀ. ವ್ಯಾಸ, 18 ದಪ್ಪ ಅಂದ್ರೆ ಹೆಚ್ಚು ಕಡಿಮೆ 10 ಕೆ.ಜಿ., ನಡುವಿನ ತೂತಿಗೆ ನೂರು ಗ್ರಾಂ ಕಳಿ. 200 ವ್ಯಾಸ, 20 ದಪ್ಪ ಆದರೆ 5ಕ್ಕೆ ತುಸು ಕಡಿಮೆ. ಗ್ಯಾಸ್ ಕಟಿಂಗಿನಲ್ಲಿ ಅಂಚು ವಕ್ರ ಬರುತ್ತೆ, ಲೇತಿಗೆ ಕಟ್ಟಿ ಸುತ್ತು ತೆಗೆದರೆ ಜೋಡಿ ಸಮ ಆಗುತ್ತೆ. ಗುಜರಿ ಬೇಕು ಅಂದಿದ್ದೆಯಲ್ಲ, ಇದಕ್ಕೆ ಹೋಗು. ಲಾರಿಯ ಗೇರು ಚಕ್ರ, ಫ್ಲೈವೀಲ್, ಬ್ರೇಕ್ ಡ್ರಮ್ಮು, ಇವೆಲ್ಲ ಹುಟ್ಟಿನಿಂದಲೇ ದುಂಡಗೆ, ನಡುವೆ ತೂತು ಇರೋ ತೂಕಗಳು. ತಕ್ಕಡಿ ಮೇಲಿಟ್ಟು ಜೋಡಿ ಆರಿಸು. ಎರಡು ಸಾಮಾನು ಮಾತ್ರ ಯಾರು ಕೊಟ್ಟರೂ ಮುಟ್ಟಬೇಡ. ಒಂದು ಹಳೇ ಶಾಕ್ ಅಬ್ಸಾರ್ಬರ್. ಒಳಗೆ ಒತ್ತಡದ ಗ್ಯಾಸೋ ಎಣ್ಣೆಯೋ ಇರುತ್ತೆ, ಕತ್ತರಿಸೋವಾಗ ಸಿಡಿಯುತ್ತೆ. ಇನ್ನೊಂದು ರೈಲು ಕಂಬಿಯ ತುಂಡು. ರೈಲ್ವೆ ಸ್ವತ್ತು ಅಕ್ರಮವಾಗಿ ಇಟ್ಟುಕೊಂಡರೆ ಅದಕ್ಕೇ 1966ರ ಒಂದು ಕಾನೂನು ಇದೆ.

– ಮತ್ತೆ ಕೊಕ್ಕೆ?

– ಹಾಕೋಣ. ಅಡ್ಡತೋಳು ಇಲ್ಲದೆ ಮಾತ್ರ ಹಾಕಿಕೊಡಲ್ಲ.

– ತೋಳು ಯಾಕೆ? ನಾನೇನು ಅಷ್ಟು ಭಾರ ಎತ್ತಲ್ಲ.

– ನೀನು ಬೆಂಚಿನ ಮೇಲೆ ಮಲಗಿ ಬಾರನ್ನ ಎದೆಗೆ ಇಳಿಸ್ತೀಯ. ಮತ್ತೆ ಎತ್ತೋಕೆ ಆಗಲ್ಲ ಅಂತ ಅನ್ನಿಸೋ ದಿನ ಮನೆಯಲ್ಲಿ ಇನ್ನೊಬ್ಬರು ಇರಬೇಕಲ್ಲ? ಜಿಮ್ಮಿನಲ್ಲಿ ಪಕ್ಕದವರು ಓಡಿ ಬರ್ತಾರೆ. ಮನೆಯಲ್ಲಿ ಆ ಪಕ್ಕದವರ ಕೆಲಸವನ್ನ ಕಬ್ಬಿಣವೇ ಮಾಡಬೇಕು. ಎರಡು ಕಂಬದಿಂದ ಮುಂದಕ್ಕೆ ಎರಡು ತೋಳು. ಉಸಿರು ತುಂಬಿ ಎದೆ ಉಬ್ಬಿಸಿದಾಗಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ, ಕುತ್ತಿಗೆಗಿಂತ ಮೇಲೆ. ಉಸಿರು ಬಿಟ್ಟರೆ ಬಾರು ತೋಳಿನ ಮೇಲೆ ಕೂರಬೇಕು, ನೀನು ಕೆಳಗಿಂದ ಜಾರಿ ಬರಬೇಕು. ನಿನ್ನನ್ನ ಬೆಂಚಿನ ಮೇಲೆ ಮಲಗಿಸಿ ಅಳತೆ ತಗೊಂಡೇ ತೂತು ಕೊರೆಯೋದು. ತೋಳಿನ ತುದಿ ಕೆಳಗಿನ ಕಾಲಿನ ತುದಿ ದಾಟಬಾರದು, ದಾಟಿದರೆ ಸ್ಟ್ಯಾಂಡೇ ಮುಂದಕ್ಕೆ ಮಗುಚುತ್ತೆ. ಇದರಲ್ಲಿ ನಾನು ಒಂದಿಷ್ಟೂ ಸಡಿಲ ಬಿಡಲ್ಲ ಕಣಮ್ಮ. ಮೇಲೆ ಗದ್ದ ಬರಲಿಲ್ಲ ಅಂದ್ರೆ ಕೈ ಬಿಟ್ಟು ಇಳೀತೀಯ, ಎದೆ ಮೇಲಿನ ಬಾರಿಗೆ ಹಾಗೆ ಇಳಿಯೋ ದಾರಿ ಇಲ್ಲ.

– ಒಪ್ಪಿದೆ. ಆಫೀಸಿನಲ್ಲಿ ಹೇಳಿದರೆ ನಗ್ತಾರೆ ಮಾವ, ಮನೆಯಲ್ಲಿ ಒಬ್ಬಳೇ ಕಲಿಯೋ ವಿದ್ಯೆನಾ ಇದು, ಜಿಮ್ಮಿಗೆ ಹೋಗು ಅಂತ.

– ಅವರಿಗೆ ಕೆ.ವಿ. ಅಯ್ಯರ್ ಹೆಸರು ಹೇಳು.

– ‘ಶಾಂತಲಾ’ ಬರೆದವರಾ? ಅಮ್ಮನ ಕಪಾಟಿನಲ್ಲಿದೆ.

– ಅವರೇ. ಕೋಲಾರದ ವೆಂಕಟೇಶ ಅಯ್ಯರ್. ಕಾದಂಬರಿ ಬರೆದ ಕೈ ಅದಕ್ಕೂ ಮೊದಲು ಭಾರ ಎತ್ತಿದ ಕೈ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು, 1930ರಲ್ಲೇ ‘ಮಸಲ್ ಕಲ್ಟ್’ ಅಂತ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ದಂಡ, ಬಸ್ಕಿ, ಸೂರ್ಯನಮಸ್ಕಾರದ ಪಕ್ಕದಲ್ಲೇ ಬಾರ್ಬೆಲ್ ಇಟ್ಟರು. ಎಲ್ಲಕ್ಕಿಂತ ನನಗೆ ಇಷ್ಟ ಆಗೋದು ಅಂದ್ರೆ, ಅಂಚೆಯಲ್ಲಿ ಪಾಠ ಕಳಿಸಿ ಕಲಿಸಿದರು. ಎಲ್ಲೋ ದೂರದ ಊರಿನಲ್ಲಿ ಇದ್ದವರು ಕಾಗದ ನೋಡಿಕೊಂಡು ತಮ್ಮ ಮನೆಯಲ್ಲೇ ಮೈ ಹುರಿಗಟ್ಟಿಸಿಕೊಂಡರು. ಪೇಟೆ ಕಡೆ ಗರಡಿಗಳು ಆಗಲೂ ಇದ್ದವು. ಕರಗದ ವೀರಕುಮಾರರು ಸಾಮು ಮಾಡೋ ಗರಡಿಗಳು ಈಗಲೂ ಇವೆ. ಅಲ್ಲಿನ ಕಲ್ಲುಗುಂಡು, ಗದೆಗಳನ್ನ ಯಾರು ಮಾಡಿದರು? ಊರಿನ ಕಲ್ಲುಕುಟಿಗ, ಊರಿನ ಬಡಗಿ. ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೆ ಭಾರಶ್ರಮ, ಸ್ತಂಭಶ್ರಮ ಹೇಳಿದೆ. ಭಾರ ಎತ್ತೋದು, ಕಂಬ ಹತ್ತೋದು. ನಿನ್ನ ಚಿತ್ರದಲ್ಲೂ ಇರೋದು ಅವೆರಡೇ.

– ಅಮ್ಮನ ವಿಷಯಾನೂ ಒಂದಿದೆ. ಯೋಗದ ಟೀಚರ್ ಒಂದು ಕುರ್ಚಿ ತರೋಕೆ ಹೇಳಿದ್ದಾರೆ, ಬೆನ್ನಿನ ತಗಡು ಇಲ್ಲದ ಮಡಚೋ ಕುರ್ಚಿ. ಅಮ್ಮ ಸಂಕೋಚಕ್ಕೆ ನಿಮಗೆ ಹೇಳಿಲ್ಲ.

– ಅಕ್ಕ ನನಗೆ ಹೇಳೋದಕ್ಕೆ ಸಂಕೋಚ ಪಟ್ಟಳಾ? ಮೊದಲು ಅದನ್ನ ಮಾಡೋಣ, ನಿನ್ನ ಸ್ಟ್ಯಾಂಡು ಆಮೇಲೆ. ಅದು ಅಯ್ಯಂಗಾರ್ ಪದ್ಧತಿಯ ಕುರ್ಚಿ. ಬಿ.ಕೆ.ಎಸ್. ಅಯ್ಯಂಗಾರ್ ಕೂಡ ನಮ್ಮ ಕೋಲಾರ ಸೀಮೆಯವರೇ, 1918ರಲ್ಲಿ ಬೆಳ್ಳೂರಿನಲ್ಲಿ ಹುಟ್ಟಿದರು. ಪುಣೆಯಲ್ಲಿ ನೆಲೆಸಿ, ಬಗ್ಗದ ಮೈಗೆ ಆಸನವನ್ನ ಹತ್ತಿರ ತರೋದಕ್ಕೆ ಇಟ್ಟಿಗೆ, ಹಗ್ಗ, ಬೆಂಚು, ಕುರ್ಚಿ ಎಲ್ಲವನ್ನೂ ಬಳಸಿದರು. ವ್ಯಾಯಾಮದ ಸಾಮಾನು ಅಂದ್ರೆ ಬಲ ಇರೋರಿಗೆ ಮಾತ್ರ ಅಲ್ಲ ಅಂತ ತೋರಿಸಿದವರು ಅವರು. ನೋವಿರೋ ಮೈಗೆ, ವಯಸ್ಸಾದ ಮೈಗೆ ಅಳತೆಯ ಸಾಮಾನು ಇನ್ನೂ ಹೆಚ್ಚಾಗಿ ಬೇಕು.

– ಹಳೇ ಕಬ್ಬಿಣದ ಕುರ್ಚಿ ಮನೆಯಲ್ಲೇ ಇದೆ. ಬೆನ್ನಿನ ತಗಡು ಕತ್ತರಿಸಿದರೆ ಆಯ್ತಲ್ಲ?

– ಇಲ್ಲೂ ಭಾರದ ದಾರಿ ಕೇಳು. ಕುರ್ಚಿ ಮಾಡಿದವನು ಸುಮ್ಮನೆ ಕೂರೋರಿಗೆ ಅಂತ ಮಾಡಿದ್ದು. ಅಕ್ಕ ಕಾಲನ್ನ ಬೆನ್ನಿನ ಚೌಕಟ್ಟಿನೊಳಗಿಂದ ತೂರಿಸಿ, ತಿರುಗಿ ಕೂತು, ಹಿಂದಕ್ಕೆ ಬಾಗ್ತಾಳೆ. ಭಾರ ಎಲ್ಲ ಆಸನದ ಮುಂದಿನ ಅಂಚಿಗೆ ಬರುತ್ತೆ, ಕಾಲುಗಳು ಅಗಲಕ್ಕೆ ಜಾರೋಕೆ ನೋಡ್ತವೆ. ತಗಡು ತೆಗೆದ ಮೇಲೆ ಎರಡು ಬೆನ್ನುಕಂಬಿಯ ನಡುವಿನ ಬಿಗಿಯೂ ಕಡಿಮೆ ಆಗಿರುತ್ತೆ. ಹಾಗಾಗಿ ತಗಡು ಮಾತ್ರ ಬಿಡಿಸಿ ಮೇಲಿನ ಅಡ್ಡಕಂಬಿ ಉಳಿಸಬೇಕು. ಮುಂದಿನ ಎರಡು ಕಾಲಿನ ನಡುವೆ ಒಂದು, ಹಿಂದಿನ ಎರಡರ ನಡುವೆ ಒಂದು ಅಡ್ಡಪಟ್ಟಿ ಬೆಸೀಬೇಕು. ಕಾಲಿಗೆ ದಪ್ಪ ರಬ್ಬರ್ ಬುಷ್. ತಗಡು ಇದ್ದ ಜಾಗದಲ್ಲಿ ಮುಳ್ಳು ಉಳಿಯುತ್ತೆ, ಅದನ್ನ ಅರದಲ್ಲಿ ಉಜ್ಜಿ, ಹತ್ತಿಬಟ್ಟೆ ಸವರಿ ನೋಡ್ಬೇಕು. ಎಳೆ ಸಿಕ್ಕಿಕೊಂಡರೆ ಇನ್ನೂ ಉಜ್ಜು. ಆ ಕೆಲಸ ನೀನೇ ಮಾಡು, ನಿಮ್ಮಮ್ಮನ ತೊಡೆ ಉಜ್ಜೋ ಜಾಗ ಅದು.

– ಮಾಡ್ತೀನಿ. ಸ್ಟ್ಯಾಂಡಿಗೆ ಬಣ್ಣ?

– ಕಂಬಕ್ಕೆ, ಕಾಲಿಗೆ ರೆಡ್ ಆಕ್ಸೈಡ್ ಬಳಿದು ಮೇಲೆ ನಿನಗೆ ಬೇಕಾದ ಬಣ್ಣ. ಕೈ ಹಿಡಿಯೋ ಪೈಪಿಗೆ ಏನೂ ಬೇಡ. ಬಣ್ಣ ಬೆವರಿಗೆ ಜಾರುತ್ತೆ. ಬರೀ ಕಬ್ಬಿಣ ಇರಲಿ, ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸು, ಮಳೆಗಾಲದಲ್ಲಿ ಆಗಾಗ ಒಂದು ಹನಿ ಎಣ್ಣೆ ಸವರಿ ಒರೆಸಿಬಿಡು.

– ಮುಗಿದ ದಿನವೇ ಹತ್ತಬಹುದಾ?

– ನೀನು ಹತ್ತೋ ಮೊದಲು ಮರಳು ಹತ್ತಬೇಕು. ಸಿಮೆಂಟ್ ಚೀಲಕ್ಕೆ ಎಂ-ಸ್ಯಾಂಡ್ ತುಂಬಿ, ತೂಗಿ, 120 ಕೆ.ಜಿ. ಆಗೋ ಹಾಗೆ ಪೈಪಿನ ನಡುವೆ ನೇತು ಹಾಕೋಣ, ನೆಲದಿಂದ ಒಂದು ಗೇಣು ಮೇಲೆ. ಮೊದಲೇ ತುದಿಯಿಂದ ತುದಿಗೆ ದಾರ ಎಳೆದು ಕಟ್ಟಿರಬೇಕು. ಲೆಕ್ಕದ ಪ್ರಕಾರ ಪೈಪು 5 ಮಿ.ಮೀ. ಒಳಗೆ ಬಾಗುತ್ತೆ. ರಾತ್ರಿಯೆಲ್ಲ ಹಾಗೇ ಬಿಟ್ಟು ಬೆಳಿಗ್ಗೆ ಚೀಲ ಇಳಿಸಿದಾಗ ಪೈಪು ದಾರದ ಮಟ್ಟಕ್ಕೆ ವಾಪಸ್ ಬರಬೇಕು. ಬರಲಿಲ್ಲ ಅಂದ್ರೆ ಆ ಪೈಪು ಬೇಡ, ಕೆಂಪು ಪಟ್ಟಿಯದನ್ನ ಹಾಕೋಣ. ಬೆಸುಗೆಯನ್ನೆಲ್ಲ ವೈರ್ ಬ್ರಷ್ ಹಾಕಿ ಉಜ್ಜಿ ಟಾರ್ಚ್ ಬಿಟ್ಟು ನೋಡೋಣ. ಬಣ್ಣ ಅದಾದ ಮೇಲೇ.

– ಶನಿವಾರ ಬರಲಾ?

– ಬಾ. ಬೆಳಿಗ್ಗೆ ಎಂಟಕ್ಕೆ ಬಂದರೆ ಅಂಗಡಿಗೆ ಹೋಗಿ ಎರಡು ಲೆಂತ್ ಟ್ಯೂಬು, ನೀಲಿ ಪಟ್ಟಿಯ ಪೈಪು ಆರಿಸೋಣ. ಬರುವಾಗ ಆ ಕುರ್ಚಿ ತಗೊಂಡು ಬಾ, ಅಕ್ಕನನ್ನೂ ಕರ್ಕೊಂಡು ಬಾ. ಅವಳ ಮಂಡಿಯ ಎತ್ತರ ಅಳೀಬೇಕು.